ಮುಂಬಯಿ ಹೈಕೋರ್ಟಿನ ಕಲ್ಲುಕಟ್ಟಡ ಮತ್ತು ನಮ್ಮ ಮಾತು

2025ರ ಆಗಸ್ಟ್ 18ರಿಂದ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ, ಸಾತಾರಾ, ರತ್ನಾಗಿರಿ ಮತ್ತು ಸಿಂಧುದುರ್ಗ ಜಿಲ್ಲೆಗಳ ಮೊಕದ್ದಮೆಗಳಿಗಾಗಿ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠವು ಕೊಲ್ಹಾಪುರದಲ್ಲಿ ಕಾರ್ಯಾರಂಭ ಮಾಡಿದೆ. ಅಕ್ಕಲಕೋಟೆಯ ಒಕ್ಕಲಿಗನಿಗೂ ಜತ್ತದ ಕುರಿಗಾರನಿಗೂ ಇದು ದೊಡ್ಡ ಅನುಕೂಲ. ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ನಿದ್ದೆಗೆಟ್ಟು ಪಯಣಿಸಿ, ಮುಂಬಯಿಯಲ್ಲಿ ದಿನವಿಡೀ ಕಾದು, ಮತ್ತೆ ರಾತ್ರಿಯ ಗಾಡಿಯಲ್ಲಿಯೇ ಮರಳುವ ಕಷ್ಟ ಇನ್ನು ಅವರಿಗಿಲ್ಲ. ವಕೀಲನಾಗಿ ನಾನು ಈ ಬದಲಾವಣೆಯನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ.

ಆದರೆ ಇದರಿಂದ ಒಂದು ಪರಿಚಯವೂ ಕಡಿಮೆಯಾಗುವುದು. ಮುಂಬಯಿಯ ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ಆ ಕಲ್ಲುಕಟ್ಟಡವನ್ನು ನಮ್ಮ ಹಿರಿಯರು ಭಯದಿಂದಲೋ ಭಕ್ತಿಯಿಂದಲೋ ಕಂಡವರು. ನಮ್ಮ ಕನ್ನಡ ಶಾಲೆಗಳ ಮಕ್ಕಳು ಇನ್ನು ಅದನ್ನು ಚಲನಚಿತ್ರಗಳಲ್ಲಿ ಮಾತ್ರ ಕಾಣಬಹುದು. ಅದಕ್ಕೂ ನಮಗೂ ಇರುವ ನಂಟನ್ನು ಬರೆದಿಡುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮುಂಬಯಿ ಹೈಕೋರ್ಟು 1862ರಲ್ಲಿ, ವಿಕ್ಟೋರಿಯಾ ರಾಣಿಯ ಸನದಿನಿಂದ ಸ್ಥಾಪಿತವಾಯಿತು. ಕೋಲ್ಕತ್ತ ಮತ್ತು ಮದ್ರಾಸಿನ ಹೈಕೋರ್ಟುಗಳೂ ಅದೇ ವರ್ಷದವು. ಆರಂಭದಲ್ಲಿ ಅದಕ್ಕೆ ಸ್ವಂತ ಮನೆಯಿರಲಿಲ್ಲ. ಕೋಟೆ ಪ್ರದೇಶದ ಅಪೊಲೊ ಬೀದಿಯಲ್ಲಿದ್ದ, ಹಿಂದೆ ನೌಕಾದಳದ ಅಧಿಕಾರಿಗಳಿಗೆ ಸೇರಿದ್ದ ಹಳೆಯ ಕಟ್ಟಡವೊಂದರಲ್ಲಿ ಅದರ ಕಲಾಪಗಳು ನಡೆಯುತ್ತಿದ್ದವು. ಆ ದಶಕದಲ್ಲಿಯೇ ಗವರ್ನರ್ ಬಾರ್ಟಲ್ ಫ್ರೀಯರ್ ಮುಂಬಯಿಯ ಹಳೆಯ ಕೋಟೆಗೋಡೆಗಳನ್ನು ಕೆಡವಿಸಿದನು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಕಡೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿದ್ದ ಕಾಲವದು. ಧಾರವಾಡ, ಖಾನದೇಶ, ಗುಜರಾತಗಳ ಹೊಲಗಳಿಂದ ಹೋದ ಹತ್ತಿಯು ಮುಂಬಯಿಯ ವರ್ತಕರ ಕೈಯಲ್ಲಿ ಹೊನ್ನಾಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಆ ಹೊನ್ನಿನ ಗುಳ್ಳೆ ಒಡೆದು ಅನೇಕರು ದಿವಾಳಿಯಾದರು. ಆದರೆ ಕೋಟೆಗೋಡೆ ಬಿದ್ದ ಬಯಲಿನಲ್ಲಿ ಹೊಸ ನಗರವನ್ನು ಕಟ್ಟುವ ಯೋಜನೆ ನಿಲ್ಲಲಿಲ್ಲ. ಸಚಿವಾಲಯ, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಅವುಗಳ ಪಕ್ಕದಲ್ಲಿ ಹೈಕೋರ್ಟು, ಹೀಗೆ ಒಂದರ ಮಗ್ಗುಲಲ್ಲೊಂದು ಪಶ್ಚಿಮಕ್ಕೆ ಮುಖಮಾಡಿ ಎದ್ದುನಿಂತವು. ಆಗ ಸಮುದ್ರ ಇಂದಿನಷ್ಟು ದೂರವಿರಲಿಲ್ಲ. ಮೈದಾನ ದಾಟಿದರೆ ರೈಲು ಹಳಿ, ಅದರಾಚೆಗೆ ಅಲೆಗಳು. ಹಡಗಿನಲ್ಲಿ ಬರುವವನ ಕಣ್ಣಿಗೆ ಆಳುವವರ ವೈಭವ ಕಾಣಿಸಬೇಕೆಂಬುದು ಆ ಸಾಲಿನ ಉದ್ದೇಶಗಳಲ್ಲೊಂದಾಗಿದ್ದೀತು.

ಹೈಕೋರ್ಟಿನ ಕಟ್ಟಡದ ಕೆಲಸ 1871ರ ಏಪ್ರಿಲ್‌ನಲ್ಲಿ ಆರಂಭವಾಗಿ 1878ರ ನವೆಂಬರ್‌ನಲ್ಲಿ ಮುಗಿಯಿತು. 1879ರ ಜನವರಿಯಲ್ಲಿ ನ್ಯಾಯಾಧೀಶರು ಅಲ್ಲಿ ಮೊದಲ ಬಾರಿಗೆ ಕುಳಿತರು. ನಕ್ಷೆ ತಯಾರಿಸಿದವನು ಸೈನ್ಯದ ಇಂಜಿನಿಯರನಾಗಿದ್ದ ಕರ್ನಲ್ ಜೇಮ್ಸ್ ಅಗಸ್ಟಸ್ ಫುಲ್ಲರ್. ಶೈಲಿ ಗಾಥಿಕ್. ಅಂದರೆ ಯುರೋಪಿನ ಮಧ್ಯಯುಗದ ಇಗರ್ಜಿಗಳಲ್ಲಿ ಕಾಣುವ ಚೂಪು ಕಮಾನು, ಎತ್ತರದ ಕಿಟಕಿ, ಕಡಿದಾದ ಮಾಡು, ಮುಗಿಲಿಗೆ ಮುಖಮಾಡಿದ ಶಿಖರಗಳುಳ್ಳ ಶೈಲಿ. ಮಂಜೂರಾದ ಹಣ 16 ಲಕ್ಷ ರೂಪಾಯಿಗಿಂತ ಹೆಚ್ಚು. ಕೆಲಸ ಮುಗಿದಾಗ ಅದರಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿ ಉಳಿದಿತ್ತಂತೆ. ಸರಕಾರಿ ಕಾಮಗಾರಿಯೊಂದು ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಮುಗಿಯಿತೆಂಬ ಈ ಸಂಗತಿಯನ್ನು ಹಿರಿಯ ವಕೀಲರು ಇಂದಿಗೂ ನಗುತ್ತ ಹೇಳುತ್ತಾರೆ.

ಕಟ್ಟಡದ ಉದ್ದ 562 ಅಡಿ, ಅಗಲ 187 ಅಡಿ. ಪಶ್ಚಿಮದ ಮುಖದ ಸಾಮಾನ್ಯ ಎತ್ತರ 90 ಅಡಿ. ನಡುಗೋಪುರ ಮಾತ್ರ 175 ಅಡಿಗೂ ಮೇಲೆ. ನಮ್ಮ ಹಳ್ಳಿಯ ವಾಡೆಯೊಂದು ಎರಡಂತಸ್ತಿನದಾದರೆ ಅಂಥ ಆರೇಳು ವಾಡೆಗಳನ್ನು ಒಂದರ ಮೇಲೊಂದಿಟ್ಟ ಎತ್ತರ. ಗೋಡೆಗಳು ಕಪ್ಪುನೀಲಿ ಬಸಾಲ್ಟ್ ಶಿಲೆಯವು. ಇದು ನಮ್ಮ ಸೊಲ್ಲಾಪುರದ ಕಪ್ಪುನೆಲದಡಿಯಲ್ಲಿಯೂ ಇರುವ ದಖ್ಖನ್ನಿನ ಕಲ್ಲೇ. ಅಲಂಕಾರದ ಭಾಗಗಳಿಗೆ ಪೋರಬಂದರದ ಬಿಳಿಗಲ್ಲನ್ನು ಬಳಸಿದ್ದಾರೆ. ಮುಖದ್ವಾರದ ಎರಡು ಬದಿಗೆ ಎಂಟು ಮೂಲೆಯ ಎರಡು ಗೋಪುರಗಳು, ಒಂದೊಂದೂ 120 ಅಡಿ. ಅವುಗಳ ತುದಿಯಲ್ಲಿ ಎರಡು ಸ್ತ್ರೀಮೂರ್ತಿಗಳಿವೆ: ಒಬ್ಬಳು ನ್ಯಾಯದೇವತೆ, ಇನ್ನೊಬ್ಬಳು ಕರುಣೆ. ನ್ಯಾಯದ ಜೊತೆಗೆ ಕರುಣೆಯನ್ನೂ ಅಷ್ಟೇ ಎತ್ತರದಲ್ಲಿ ನಿಲ್ಲಿಸಿದ್ದು ನನಗೆ ಹಿಡಿಸಿದ ಸಂಗತಿ. 2018ರಲ್ಲಿ ಯುನೆಸ್ಕೊ ಸಂಸ್ಥೆಯು ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಟ್ಟಡವೂ ಅದರಲ್ಲಿ ಸೇರಿತು.

ಒಂದು ನ್ಯಾಯಾಲಯದ ಕಟ್ಟಡವನ್ನು ತಿಳಿಯಬೇಕಾದರೆ ಅದರ ಗೋಪುರಗಳಿಗಿಂತ ಮೊದಲು ಮೆಟ್ಟಿಲುಗಳನ್ನು ನೋಡಬೇಕು. ಯಾರು ಯಾವ ಬಾಗಿಲಿನಿಂದ ಬರುತ್ತಾರೆ, ಯಾರು ಯಾರ ಕಣ್ಣಿಗೆ ಬೀಳದಂತೆ ನಡೆಯುತ್ತಾರೆ ಎಂಬುದನ್ನು ಮೆಟ್ಟಿಲುಗಳು ಹೇಳುತ್ತವೆ. ಇಲ್ಲಿ ವೈಭವದ ಮುಖ ಪಶ್ಚಿಮಕ್ಕಿದೆ. ಮುಖ್ಯ ಸೋಪಾನವಿರುವುದು ಪೂರ್ವದಲ್ಲಿ. ಕಟ್ಟಡದ ನಡುವನ್ನು ಹಾದುಹೋಗುವ ಕಮಾನುಗಳ ಮೊಗಸಾಲೆಯಿಂದ ಅದನ್ನು ತಲುಪಬೇಕು. ನ್ಯಾಯಾಧೀಶರಿಗೆ ಖಾಸಗಿ ಮೆಟ್ಟಿಲುಗಳು ಬೇರೆ. ಅವರು ಜನರೊಡನೆ ಭುಜ ತಾಗಿಸದೆ ನೇರವಾಗಿ ಪೀಠದ ಹಿಂದಿನ ಬಾಗಿಲಿನಿಂದ ಪ್ರವೇಶಿಸುತ್ತಾರೆ. ಕಕ್ಷಿದಾರನೊಡನೆ ನ್ಯಾಯಾಧೀಶನು ದಾರಿಯಲ್ಲಿ ಮಾತಿಗೆ ಸಿಕ್ಕಬಾರದೆಂಬುದಕ್ಕೆ ಒಳ್ಳೆಯ ಕಾರಣವುಂಟು. ಆದರೆ ಹಳ್ಳಿಯಿಂದ ಬಂದವನಿಗೆ ಕಾಣುವುದು ಇಷ್ಟೇ: ತೀರ್ಪು ಕೊಡುವವನು ತಾನು ನಡೆದ ನೆಲವನ್ನು ತುಳಿಯದೆ ಎಲ್ಲಿಂದಲೋ ಬಂದು ಎತ್ತರದಲ್ಲಿ ಕುಳಿತುಕೊಳ್ಳುತ್ತಾನೆ.

ಮೊಗಸಾಲೆಯ ಮೇಲ್ಭಾಗದಲ್ಲಿ, ಕಟ್ಟಡದ ಹೃದಯದಂತೆ, ಅಂದಿನ ಕ್ರಿಮಿನಲ್ ಕೋರ್ಟಿನ ದೊಡ್ಡ ಸಭಾಂಗಣವಿದೆ. ಇದನ್ನು ಸೆಂಟ್ರಲ್ ಕೋರ್ಟ್ ಎನ್ನುತ್ತಾರೆ. 60 ಅಡಿ ಉದ್ದ, 50 ಅಡಿ ಅಗಲ, 40 ಅಡಿಗೂ ಮಿಕ್ಕ ಎತ್ತರ. ಛಾವಣಿಗೆ ಹೊಳಪಿನ ಸಾಗವಾನಿ ಹಲಗೆ, ನೆಲಕ್ಕೆ ಇಟಲಿಯ ಮೊಸಾಯಿಕ್, ಮೂರು ಬದಿಗೆ ಜನರು ಕೂಡಲು ಕೆತ್ತನೆಯ ಮರದ ಗ್ಯಾಲರಿ. ನ್ಯಾಯವು ಬಹಿರಂಗವಾಗಿ ನಡೆಯಬೇಕೆಂಬ ತತ್ತ್ವವನ್ನು ಈ ಗ್ಯಾಲರಿಯಲ್ಲಿ ಕಾಣಬಹುದು. ಆದರೆ ಗ್ಯಾಲರಿಯಲ್ಲಿ ಕುಳಿತವನಿಗೆ ಕೆಳಗೆ ನಡೆದ ಮಾತು ತಿಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಬಡಗಿಯಿಂದ ಬಿಡಿಸಲಾಗದು.

ಈ ಕಟ್ಟಡದ ಕಂಬಗಳ ತಲೆಗಳಲ್ಲಿ ಪ್ರಾಣಿಗಳ ಕೆತ್ತನೆಗಳಿವೆ. ಅವುಗಳಲ್ಲಿ ಪ್ರಸಿದ್ಧವಾದುದು ಒಂದು ಕೋತಿ. ಅದರ ಒಂದು ಕಣ್ಣಿಗೆ ಪಟ್ಟಿ, ಕೈಯಲ್ಲಿ ಓರೆಯಾದ ತಕ್ಕಡಿ. ಇನ್ನೊಂದೆಡೆ ವಕೀಲರ ಕೊರಳಪಟ್ಟಿ ಧರಿಸಿದ ನರಿ. ಕೆಲಸದ ಒಳಗುತ್ತಿಗೆ ಹಿಡಿದಿದ್ದ ಪಾರಸಿಯೊಬ್ಬನು ಮುಖ್ಯ ಗುತ್ತಿಗೆದಾರನ ಮೇಲೆ ಹೂಡಿದ ದಾವೆಯಲ್ಲಿ ಸೋತು, ಆ ಸಿಟ್ಟನ್ನು ಹೀಗೆ ಕಲ್ಲಿನಲ್ಲಿ ತೀರಿಸಿಕೊಂಡನೆಂದು ಕಥೆ. ಕಥೆಗೆ ಸಾಕ್ಷ್ಯವೇನೆಂದು ಕೇಳುವುದು ವಕೀಲನ ಚಾಳಿ, ಆದರೆ ಇಲ್ಲಿ ಕೇಳುವ ಮನಸ್ಸಾಗದು. ಕೋತಿಯಂತೂ ಇದೆ. ಒಂದೂವರೆ ಶತಮಾನ ಆಗುತ್ತ ಬಂದರೂ ಯಾವ ನ್ಯಾಯಾಧೀಶನೂ ಅದನ್ನು ಒಡೆಸಲಿಲ್ಲ. ತನ್ನನ್ನು ಅಣಕಿಸುವ ಕೋತಿಯನ್ನು ತನ್ನ ಕಂಬದ ಮೇಲೆಯೇ ಇರಗೊಟ್ಟದ್ದು ಆ ಸಂಸ್ಥೆಯ ಹಿರಿಮೆಯೆಂದೇ ನಾನು ತಿಳಿದಿದ್ದೇನೆ.

ಸೆಂಟ್ರಲ್ ಕೋರ್ಟಿನಲ್ಲಿ ನಡೆದ ವಿಚಾರಣೆಗಳಲ್ಲಿ 1908ರ ಜುಲೈ ತಿಂಗಳ ಲೋಕಮಾನ್ಯ ತಿಲಕರ ವಿಚಾರಣೆ ಎಲ್ಲರಿಗೂ ಗೊತ್ತಿರುವುದು. 'ಕೇಸರಿ'ಯಲ್ಲಿ ಪ್ರಕಟವಾದ ಲೇಖನಗಳಿಗಾಗಿ ರಾಜದ್ರೋಹದ ಆರೋಪ. ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಜನ ತಪ್ಪಿತಸ್ಥನೆಂದರು, ಇಬ್ಬರು ಅಲ್ಲವೆಂದರು. ನ್ಯಾಯಮೂರ್ತಿ ದಾವರ್ ಆರು ವರ್ಷಗಳ ಗಡೀಪಾರು ಶಿಕ್ಷೆ ವಿಧಿಸಿದರು. ಅದನ್ನು ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಅನುಭವಿಸಿದರು. 1956ರಲ್ಲಿ, ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು, ತಿಲಕರು ಶಿಕ್ಷೆ ಕೇಳಿದೊಡನೆ ಆಡಿದ ಮಾತುಗಳನ್ನು ಕೆತ್ತಿದ ಶಿಲಾಫಲಕವನ್ನು ಅದೇ ಕೋರ್ಟಿನ ಹೊರಗೆ ಅನಾವರಣ ಮಾಡಿದರು. ಶಿಕ್ಷೆ ವಿಧಿಸಿದ ನ್ಯಾಯಾಲಯವೇ ಅಪರಾಧಿಯೆನಿಸಿದವನ ಮಾತನ್ನು ತನ್ನ ಗೋಡೆಯ ಮೇಲೆ ಬರೆಸಿಕೊಂಡಿತು.

ಆದರೆ ಈ ವಿಚಾರಣೆಯ ಇನ್ನೊಂದು ಮುಖವನ್ನು ಶಾಲೆಯ ಪಾಠಗಳು ಹೇಳುವುದಿಲ್ಲ. ತಿಲಕರು ಬರೆದದ್ದು ಮರಾಠಿಯಲ್ಲಿ. ಜ್ಯೂರಿಯಲ್ಲಿ ಬಹುಮತದವರು ಮರಾಠಿ ತಿಳಿಯದ ಯುರೋಪಿಯನ್ನರು. ಅವರೆದುರು ಇದ್ದದ್ದು ಸರಕಾರಿ ಭಾಷಾಂತರ. ತಿಲಕರು ತಮ್ಮ ವಾದವನ್ನು ತಾವೇ ಮಂಡಿಸಿ, ಭಾಷಾಂತರಕಾರನನ್ನು ಪಾಟೀಸವಾಲಿಗೆ ಒಳಪಡಿಸಿ, ಒಂದೊಂದು ಪದವನ್ನೂ ಹಿಡಿದು ಅದರ ತಾಯ್ನುಡಿಯ ಅರ್ಥವೇನು, ಇಂಗ್ಲಿಷಿನಲ್ಲಿ ಅದು ಏನಾಗಿದೆ ಎಂದು ತೋರಿಸಿದರು. 21 ಗಂಟೆಗೂ ಮಿಕ್ಕ ಅವರ ಭಾಷಣದ ಒಂದು ದೊಡ್ಡ ಭಾಗ ನಿಘಂಟಿನ ಜಗಳವೇ. ಆ ಭವ್ಯ ಕಟ್ಟಡದ ಅತ್ಯಂತ ಪ್ರಸಿದ್ಧ ಮೊಕದ್ದಮೆಯು ಹೀಗೆ ಭಾಷಾಂತರದ ಮೊಕದ್ದಮೆಯೂ ಆಗಿತ್ತು.

ಕನ್ನಡಿಗರಿಗೂ ಈ ಕಟ್ಟಡಕ್ಕೂ ಇದ್ದ ಸಂಬಂಧ ಚಿಕ್ಕದಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಮೇಲ್ಮನವಿಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಸೊಲ್ಲಾಪುರ ಜಿಲ್ಲೆಯದಂತೂ ಮೊದಲಿನಿಂದಲೂ ಇಲ್ಲಿಯೇ. ಅಕ್ಕಲಕೋಟೆ ಮತ್ತು ಜತ್ತಗಳು ಮಾತ್ರ ಸಂಸ್ಥಾನಗಳಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಇದರ ವ್ಯಾಪ್ತಿಗೆ ಬಂದವು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ನ್ಯಾಯಮೂರ್ತಿಗಳಾಗಿದ್ದರು. ಮನೆತನದ ಹೆಸರಿನಲ್ಲಿಯೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ಪಿ. ಬಿ. ಗಜೇಂದ್ರಗಡಕರರು ಇಲ್ಲಿಂದ ಮೇಲೇರಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು.

ಇದಕ್ಕಿಂತ ಆಳವಾದ ನಂಟೊಂದಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯನ್ನು ಹಂಚುವಾಗ ಈ ನ್ಯಾಯಾಲಯ ಆಧಾರವಾಗಿ ಹಿಡಿದ ಮುಖ್ಯ ಗ್ರಂಥ 'ಮಿತಾಕ್ಷರಾ'. ಅದನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಅಕ್ಕಲಕೋಟೆಯಿಂದ ಬಸವಕಲ್ಯಾಣ ಬಹಳ ದೂರವೇನಲ್ಲ. ಕನ್ನಡ ನಾಡಿನ ರಾಜಧಾನಿಯಲ್ಲಿ ಸಂಸ್ಕೃತದಲ್ಲಿ ಬರೆದ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿಕೊಂಡು, ಗಾಥಿಕ್ ಕಮಾನಿನ ಕೆಳಗೆ ಕುಳಿತು, ಇಂಗ್ಲೆಂಡಿನಿಂದ ಬಂದ ನ್ಯಾಯಾಧೀಶರು ಬಿಜಾಪುರದ ಅಣ್ಣತಮ್ಮಂದಿರ ಹೊಲವನ್ನು ಭಾಗಮಾಡುತ್ತಿದ್ದರು.

ಹಳೆಯ ಕಾನೂನು ವರದಿಗಳನ್ನು ತಿರುವಿಹಾಕುವಾಗ ಇಂಗ್ಲಿಷ್ ಅಕ್ಷರಗಳ ನಡುವೆ ಒಮ್ಮೆಲೇ ನಮ್ಮ ಮನೆಯ ಹೆಸರುಗಳು ಕಣ್ಣಿಗೆ ಬೀಳುತ್ತವೆ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಜಾರಿಯಾಯಿತು. ಆಗ ಶಿಕ್ಷೆಗೊಳಗಾದವರ ಪರವಾಗಿ ಹೈಕೋರ್ಟಿಗೆ ಹೋದ ಪ್ರಕರಣವೊಂದು 1931ರ ವರದಿಯಲ್ಲಿ 'ಚನಪ್ಪ ಶಾಂತೀರಪ್ಪ ವಿರುದ್ಧ ಚಕ್ರವರ್ತಿ' ಎಂಬ ಹೆಸರಿನಲ್ಲಿ ದಾಖಲಾಗಿದೆ. ಸೇನಾಡಳಿತ ನಿಜಕ್ಕೂ ಅಗತ್ಯವಾಗಿತ್ತೇ ಎಂಬುದನ್ನು ಪರಿಶೀಲಿಸುವ ಅಧಿಕಾರ ಸಾಮಾನ್ಯ ನ್ಯಾಯಾಲಯಕ್ಕೆ ಉಂಟೆಂಬ ಮಾತಿಗೆ ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವ ಪ್ರಕರಣವಿದು. ಒಂದೆಡೆ ಸಾಮ್ರಾಜ್ಯದ ಚಕ್ರವರ್ತಿ, ಇನ್ನೊಂದೆಡೆ ಹೆಸರಿನಲ್ಲಿ ಎರಡೆರಡು 'ಅಪ್ಪ' ಹೊತ್ತ ಸೊಲ್ಲಾಪುರದವನು. ಎಲ್‌ಎಲ್‌ಬಿ ಓದುವಾಗ ಆ ಹೆಸರನ್ನು ಕಂಡು ನನಗಾದ ಹಿಗ್ಗು ಇನ್ನೂ ನೆನಪಿದೆ.

ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ಗಡಿಭಾಗದ ಹಳ್ಳಿಯೊಂದರ ವೃದ್ಧೆಯೊಬ್ಬಳ ಎರಡನೆಯ ಮೇಲ್ಮನವಿಗಾಗಿ ಹಿರಿಯ ವಕೀಲರೊಡನೆ ನಾನು ಮುಂಬಯಿಗೆ ಹೋಗಿದ್ದೆ. ಆಕೆಯ ತವರಿನ ಹೊಲದ ಪಾಲಿನ ದಾವೆ ಅದು. ಕೆಳಗಿನ ನ್ಯಾಯಾಲಯದಲ್ಲಿ ಪಾಟೀಸವಾಲಿನ ವೇಳೆ ಆಕೆ ಕನ್ನಡದಲ್ಲಿ, "ಹೊಲ ಅಣ್ಣಗ ಬಿಟ್ಟೇನಿ" ಎಂದಿದ್ದಳು. ನಮ್ಮ ಕಡೆಯ ಮಾತಿನಲ್ಲಿ ಇದರ ಅರ್ಥ, ಉಳುವುದಕ್ಕೆ ಅಣ್ಣನ ವಶಕ್ಕೆ ಬಿಟ್ಟಿದ್ದೇನೆ ಎಂದೂ ಆಗುತ್ತದೆ. ಮರಾಠಿಯ ದಾಖಲೆಯಲ್ಲಿ ಅದು 'ಸೋಡೂನ ದಿಲೀ' ಎಂದಾಯಿತು. ಹೈಕೋರ್ಟಿಗಾಗಿ ಇಂಗ್ಲಿಷಿಗೆ ತಿರುಗಿಸುವಾಗ, ಹಕ್ಕನ್ನೇ ತ್ಯಜಿಸಿದಳು ಎಂಬರ್ಥದ ಕಾನೂನಿನ ಪದವಾಗಿ ಕುಳಿತಿತು. ಎರಡು ಹೊಳೆ ದಾಟುವಷ್ಟರಲ್ಲಿ ಅಣ್ಣನಿಗೆ ಉಳಲು ಕೊಟ್ಟ ಹೊಲ ಅಣ್ಣನದೇ ಆಗಿಹೋಗಿತ್ತು.

ಅಂದು ಆಕೆ ಬೆಳಗಿನಿಂದ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಪ್ರಕರಣದ ವಿಚಾರಣೆ ಅರ್ಧ ತಾಸೂ ಹಿಡಿಯಲಿಲ್ಲ. ಹೊರಗೆ ಬಂದ ಮೇಲೆ ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ವಕೀಲ ಸಾಹೇಬ್ರ, ನನ್ನ ಹೆಸರು ಒಮ್ಮಿ ಕೇಳಿಸ್ತು. ಉಳದದ್ದು ಏನಂದ್ರರೀ ಅವರು?"

"ಆಯಿ, ನೀವು ಹೊಲ ಉಳಾಕ ಬಿಟ್ಟಿದ್ದೋ, ಖಾಯಮ್ ಬಿಟ್ಟುಕೊಟ್ಟಿದ್ದೋ ಅಂತ ಮತ್ತ ನೋಡ್ರಿ ಅಂತ ಕೆಳಗಿನ ಕೋರ್ಟಿಗೆ ಹೇಳ್ಯಾರ," ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, "ಅಷ್ಟ ಕೇಳಾಕ ಇಷ್ಟ ದೂರ ಬರಬೇಕಾಗಿತ್ತೇನ? ಅಲ್ಲೇ ನನ್ನ ಕೇಳಿದ್ರ ಹೇಳ್ತಿದ್ದೆ," ಎಂದಳು.

ನ್ಯಾಯಾಲಯ ಆಕೆಯ ಮಾತಿಗೆ ನ್ಯಾಯ ಒದಗಿಸಿತ್ತು. ಮೂಲ ಸಾಕ್ಷ್ಯದ ಸಂದರ್ಭವನ್ನು ಬಿಟ್ಟು ಒಂದು ಪದದ ಮೇಲೆ ಹಕ್ಕನ್ನು ಕಳೆಯಲಾಗದೆಂದು ಪ್ರಕರಣವನ್ನು ಮರಳಿ ಕಳುಹಿಸಿತ್ತು. ಆದರೆ ಆ ಪದವನ್ನು ಸರಿಪಡಿಸಲು ಹಿಡಿದ ವರ್ಷಗಳು ಆಕೆಯ ಆಯುಷ್ಯದಿಂದ ಕಳೆದ ವರ್ಷಗಳು.

ಆದುದರಿಂದ ಈ ಪತ್ರಿಕೆಯ ಓದುಗರಿಗೆ, ವಿಶೇಷವಾಗಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ, ಕಾನೂನಿನ ಎರಡು ಮಾತುಗಳನ್ನು ತಿಳಿಸಬಯಸುತ್ತೇನೆ. ಸಂವಿಧಾನದ 348ನೆಯ ಅನುಚ್ಛೇದದಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ನಮ್ಮ ರಾಜ್ಯದ ಕೆಳನ್ಯಾಯಾಲಯಗಳ ಭಾಷೆ ಮರಾಠಿ. ಇದನ್ನು ಕುರಿತು ನನಗೆ ದೂರಿಲ್ಲ. ಆದರೆ ಸಾಕ್ಷಿಯ ಭಾಷೆ ಸಾಕ್ಷಿಯದೇ. ದಿವಾಣಿ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 6ನೆಯ ನಿಯಮವು, ಸಾಕ್ಷ್ಯವನ್ನು ಹೇಳಿದ ಭಾಷೆಯೊಂದು, ಬರೆದುಕೊಂಡ ಭಾಷೆ ಮತ್ತೊಂದು ಆಗಿದ್ದು, ಬರೆದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಬರೆದುದನ್ನು ಆತ ಹೇಳಿದ ಭಾಷೆಯಲ್ಲಿಯೇ ಆತನಿಗೆ ಅರ್ಥಮಾಡಿ ಹೇಳಬೇಕೆನ್ನುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312 ಮತ್ತು 313ನೆಯ ಕಲಮುಗಳು ಇದೇ ರಕ್ಷಣೆ ಕೊಡುತ್ತವೆ. ಸಾಧ್ಯವಿದ್ದರೆ ಸಾಕ್ಷ್ಯವನ್ನು ಆಡಿದ ಭಾಷೆಯಲ್ಲಿಯೇ ಬರೆದುಕೊಳ್ಳಬಹುದು. ಇಲ್ಲದಿದ್ದರೆ ಸರಿಯಾದ ಭಾಷಾಂತರ ಆಗಬೇಕು. ಅದನ್ನು ಸಾಕ್ಷಿಗೆ ತಿಳಿಸಿಹೇಳಬೇಕು. ತಪ್ಪಿದ್ದರೆ ತಪ್ಪೆಂದು ಹೇಳುವ ಅವಕಾಶ ಸಾಕ್ಷಿಗಿದೆ. ನಮ್ಮ ಜನ ಸಂಕೋಚದಿಂದ ಈ ಅವಕಾಶವನ್ನು ಬಳಸುವುದೇ ಇಲ್ಲ. "ನನಗೆ ಕನ್ನಡದಲ್ಲಿ ಹೇಳ್ರಿ" ಎಂದರೆ ನ್ಯಾಯಾಧೀಶರು ಸಿಟ್ಟಾಗುವರೆಂದು ಅಂಜುತ್ತಾರೆ. ಅದು ನಿಮ್ಮ ಹಕ್ಕು. ಸಹಿಗೋ ಹೆಬ್ಬೆಟ್ಟಿಗೋ ಮೊದಲು ಅದನ್ನು ಕೇಳಿರಿ.

ಕನ್ನಡ ಶಾಲೆಯಲ್ಲಿ ಓದಿ ಏನು ಪ್ರಯೋಜನವೆಂದು ಕೇಳುವವರು ನಮ್ಮ ಊರುಗಳಲ್ಲಿ ಹೆಚ್ಚುತ್ತಿದ್ದಾರೆ. ನನ್ನ ಉತ್ತರ ಇದು: ಮನೆಯ ಕನ್ನಡ, ನೆರೆಯ ಮರಾಠಿ, ಕಾನೂನಿನ ಇಂಗ್ಲಿಷ್ ಮೂರನ್ನೂ ಚೆನ್ನಾಗಿ ಬಲ್ಲ ವಕೀಲರು ನಮ್ಮ ತಾಲೂಕುಗಳಿಗೆ ಬೇಕಾಗಿದ್ದಾರೆ. 'ಬಿಟ್ಟೇನಿ' ಎಂಬ ಮಾತು ದಾಖಲೆಗೆ ಹೋಗುತ್ತಿರುವಾಗ ಎದ್ದುನಿಂತು, "ಸಾಹೇಬರೆ, ಆ ಮಾತಿಗೆ ಇನ್ನೊಂದು ಅರ್ಥವಿದೆ" ಎನ್ನಬಲ್ಲವರು ಬೇಕಾಗಿದ್ದಾರೆ. ಕನ್ನಡವನ್ನು ಮನೆಯಲ್ಲಿ ಆಡಿದರಷ್ಟೇ ಅದು ಸಾಧ್ಯವಾಗದು. ಅದನ್ನು ಓದಿ, ಬರೆದು, ಅದರ ಪದಗಳ ತೂಕ ತಿಳಿದವರಿಂದ ಮಾತ್ರ ಸಾಧ್ಯ.

ಬಾಂದ್ರಾದಲ್ಲಿ ಹೊಸ ಹೈಕೋರ್ಟ್ ಸಂಕೀರ್ಣ ಕಟ್ಟುವ ಯೋಜನೆ ನಡೆದಿದೆ. ಅಲ್ಲಿ ಲಿಫ್ಟುಗಳಿರುವುವು, ಕುಳಿತುಕೊಳ್ಳಲು ಒಳ್ಳೆಯ ಜಾಗವಿರುವುದು. ಕೊಲ್ಹಾಪುರದ ಪೀಠವೂ ನಮಗೆ ಇನ್ನಷ್ಟು ಹತ್ತಿರದ್ದು. ಹಳೆಯ ಕಟ್ಟಡದ ಮುಂದೆ ಏನಾದರೂ ಆಗಲಿ, ಮುಂಬಯಿಗೆ ಹೋದಾಗ ಮಕ್ಕಳನ್ನು ಓವಲ್ ಮೈದಾನದಲ್ಲಿ ನಿಲ್ಲಿಸಿ ಅದನ್ನು ತೋರಿಸಿರಿ. ಮೇಲಿನ ಇಬ್ಬರು ದೇವತೆಯರನ್ನು ಗುರುತಿಸಲು ಹೇಳಿರಿ. ಒಳಗೆ ಹೋಗುವ ಅವಕಾಶ ಸಿಕ್ಕರೆ ತಿಲಕರ ಫಲಕವನ್ನು ಓದಿಸಿರಿ, ತಕ್ಕಡಿ ಹಿಡಿದ ಕೋತಿಯನ್ನು ಹುಡುಕಿಸಿರಿ. ಚನಪ್ಪನೆಂಬ ಸೊಲ್ಲಾಪುರದವನೊಬ್ಬನ ಹೆಸರನ್ನು ಇಲ್ಲಿ ಚಕ್ರವರ್ತಿಯ ಹೆಸರಿನೊಡನೆ ಕೂಗಿದ್ದರೆಂಬುದನ್ನೂ ಹೇಳಿರಿ.